ಮಳೆ ಬಂದ ಮರುದಿನದ ವೋಲ್ಟೇಜು

ಏಪ್ರಿಲ್ ತಿಂಗಳ ಮೂರನೇ ಗುರುವಾರ ಬೆಳಿಗ್ಗೆ ಏಳೂಕಾಲು ಗಂಟೆಗೆ, ತೈವಾನಿಗೆ ಹೊರಡಬೇಕಿದ್ದ ಹಾಳೆತಟ್ಟೆ ಅಚ್ಚಿನ ಹೀಟರು ಜಾಲ್ಸೂರಿನ ಶೆಡ್ಡೊಂದರಲ್ಲಿ ಸುಟ್ಟುಹೋಯಿತು. ಅದನ್ನು ಕೊಂಡೊಯ್ಯಬೇಕಿದ್ದ ಪ್ರಣೀತಾ ಆಗ ಮನೆಯೊಳಗೆ ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ಪು ಎಳೆಯುತ್ತಿದ್ದಳು. ಬೆಂಗಳೂರಿಗೆ ಅವಳ ಬಸ್ಸು ಅದೇ ದಿನ ಮಧ್ಯಾಹ್ನ ಎರಡಕ್ಕೆ ಸುಳ್ಯದಿಂದ.

ಮೊದಲು ಬಂದದ್ದು ವಾಸನೆ. ಕೂದಲು ಸುಟ್ಟ ಹಾಗೆ, ಅದರ ಹಿಂದೆಯೇ ಪ್ಲಾಸ್ಟಿಕ್ಕು ಕರಗಿದ ಹಾಗೆ. ಅವಳು ಅಂಗಳ ದಾಟಿ ಶೆಡ್ಡಿಗೆ ಹೋದಾಗ ಮಾವ ಕುಶಾಲಪ್ಪ ಗೌಡರು ಹೊಸ ಅಚ್ಚು ಕೂರಿಸಿದ ಮೆಷಿನಿನ ಎದುರು ನಿಂತಿದ್ದರು. ಸ್ವಿಚ್ಚು ಆಫ್ ಆಗಿತ್ತು, ಅವರ ಕೈ ಮಾತ್ರ ಇನ್ನೂ ಅದರ ಮೇಲಿತ್ತು. ಅಚ್ಚಿನ ಸಂದಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಗೋಡೆಯ ಸಾಕೆಟ್ಟಿನಲ್ಲಿ ಪ್ರಣೀತಾಳ ಬಿಳಿ ಟ್ರಾವೆಲ್ ಅಡಾಪ್ಟರು ಕಂದು ಬಣ್ಣಕ್ಕೆ ತಿರುಗಿ ಒಂದು ಬದಿಗೆ ಜೋತು ನಿಂತಿತ್ತು. ಮೆಷಿನಿನ ಬುಡದಲ್ಲಿ ಒಡೆದ ತೆಂಗಿನಕಾಯಿಯ ಎರಡು ಹೋಳು, ಒಂದು ಊದುಬತ್ತಿ, ನೆನೆಸಿ ತೊಳೆದಿಟ್ಟ ಒಂದು ಅಡಿಕೆ ಹಾಳೆ.

ಅಷ್ಟನ್ನು ನೋಡಿದ ಮೇಲೆ ಅವಳಿಗೆ ಕೇಳಲು ಹೆಚ್ಚೇನೂ ಉಳಿಯಲಿಲ್ಲ.

ಅಡಿಕೆ ಮರದಿಂದ ಉದುರಿದ ಹಾಳೆಯನ್ನು ನೆನೆಸಿ, ಬಿಸಿಯಾದ ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ತಟ್ಟೆಯಾಗುತ್ತದೆ. ಬಿಸಿ ಸಾಲದಿದ್ದರೆ ತಟ್ಟೆ ಅಚ್ಚಿನಿಂದ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಸೆಟೆದು ಮತ್ತೆ ಹಾಳೆಯಾಗುತ್ತದೆ. ಪ್ರಣೀತಾ ಈ ಕೆಲಸ ಸುರು ಮಾಡಿ ಆರು ವರ್ಷವಾಗಿತ್ತು. ತಟ್ಟೆಗಳನ್ನು ಹೊರದೇಶಕ್ಕೆ ಕಳಿಸುತ್ತಿದ್ದ ಮಂಗಳೂರಿನ ವ್ಯಾಪಾರಿ ಹಿಂದಿನ ವರ್ಷ ಕೈಬಿಟ್ಟ. ಊರಿನ ಮದುವೆ, ಗೃಹಪ್ರವೇಶಗಳಿಗೆ ಹೋಗುವಷ್ಟರಿಂದ ಶೆಡ್ಡು ನಡೆಯುವಂತಿರಲಿಲ್ಲ. ಹಾಗಾಗಿ ಅವಳು ತಟ್ಟೆ ಬಿಟ್ಟು ತಟ್ಟೆಯ ಅಚ್ಚನ್ನು ಮಾರಲು ಹೊರಟಿದ್ದಳು. ಆಳ, ಅಂಚಿನ ಓರೆ, ಹಾಳೆ ಸೀಳದಂತೆ ಉಗಿ ಹೊರಹೋಗುವ ದಾರಿ, ಎಲ್ಲವನ್ನೂ ತಾನೇ ತಿದ್ದಿ ತಿದ್ದಿ ಮಾಡಿಸಿದ ಅಚ್ಚು ಅದು.

ಅದರ ವಿಡಿಯೊ ನೋಡಿ ತೈವಾನಿನ ದಕ್ಷಿಣದ ಪಿಂಗ್ಟುಂಗ್ ಎಂಬಲ್ಲಿಂದ ಲಿನ್ ಎಂಬ ಮಹಿಳೆ ಸಂಪರ್ಕಿಸಿದ್ದರು. ಅಲ್ಲಿಯೂ ಅಡಿಕೆ ತೋಟ ಉಂಟು, ಅಲ್ಲಿಯೂ ಹಾಳೆ ತೋಟದಲ್ಲೇ ಕೊಳೆಯುತ್ತದೆ. ಆದರೆ ಅಲ್ಲಿಯ ಹಾಳೆ ತೆಳು. ಈ ಅಚ್ಚಿನಲ್ಲಿ ಅದು ನಿಲ್ಲುತ್ತದೋ ಇಲ್ಲವೋ ಅಲ್ಲೇ ಒತ್ತಿ ನೋಡಬೇಕು. ಮೆಷಿನಿನ ಕಬ್ಬಿಣದ ಚೌಕಟ್ಟನ್ನು ಲಿನ್ ಅಲ್ಲೇ ಮಾಡಿಸಿ ಇಟ್ಟಿದ್ದರು. ಸೋಮವಾರ ತೋಟಗಾರರನ್ನು ಸೇರಿಸುವುದೆಂದು ಮಾತಾಗಿತ್ತು. ಪ್ರಣೀತಾ ಅಚ್ಚು ತರಬೇಕು, ಜೋಡಿಸಬೇಕು, ಅವರ ಎದುರು ತಟ್ಟೆ ತೆಗೆದು ತೋರಿಸಬೇಕು. ತಟ್ಟೆ ನಿಂತರೆ ಅಚ್ಚಿಗೆ ಬೇಡಿಕೆ. ನಿಲ್ಲದಿದ್ದರೆ ಜೂನಿನಲ್ಲಿ ಶೆಡ್ಡು ಮುಚ್ಚುವುದೆಂದು ಅವಳು ಕೆಲಸದ ಸುಂದರಿಗೆ ಮೊದಲೇ ಹೇಳಿಯಾಗಿತ್ತು. ಸುಂದರಿ ಅದಕ್ಕೆ, ಜೂನ್ ಬರಲಿ, ಆಗ ನೋಡುವ ಅಂದಿದ್ದಳು.

ತೈವಾನಿನಲ್ಲಿ ಕರೆಂಟು ನೂರಹತ್ತು ವೋಲ್ಟು. ನಮ್ಮದು ಇನ್ನೂರಮೂವತ್ತು. ನಮ್ಮ ಹೀಟರನ್ನು ಅಲ್ಲಿ ಹಾಕಿದರೆ ವೋಲ್ಟೇಜು ಅರ್ಧವಾಗುತ್ತದೆ, ಆದರೆ ಬಿಸಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಇದು ಗೊತ್ತಿದ್ದ ಕಾರಣ ಪ್ರಣೀತಾ ಕುಂಬ್ರದ ಹಂಝನ ವೈಂಡಿಂಗ್ ಅಂಗಡಿಯಲ್ಲಿ ನೂರಹತ್ತಕ್ಕೆಂದೇ ಬೇರೆ ಹೀಟರು ಸುತ್ತಿಸಿದ್ದಳು. ಲಿನ್ ಅಂಚೆಯಲ್ಲಿ ಕಳಿಸಿದ್ದ ಅಲ್ಲಿಯ ಪ್ಲಗ್ಗನ್ನು, ಎರಡು ಚಪ್ಪಟೆ ಪಟ್ಟಿ ಮತ್ತು ಅರ್ಥಿಂಗಿಗೆ ಒಂದು ಗುಂಡು ಪಿನ್ನು ಇದ್ದದ್ದನ್ನು, ವಯರಿನ ತುದಿಗೆ ತಾನೇ ಹಾಕಿದ್ದಳು. ಇದರಲ್ಲಿ ಒಂದು ಎಚ್ಚರಿಕೆಯೂ ಇತ್ತು. ಚಪ್ಪಟೆ ಪಟ್ಟಿ ನಮ್ಮ ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಯಾರೂ ತಪ್ಪಿಯೂ ಇದನ್ನು ಇಲ್ಲಿ ಓಡಿಸುವ ಹಾಗಿಲ್ಲ.

ಫೋನು ಚಾರ್ಜು ಮಾಡಲು ಪುತ್ತೂರಿನಲ್ಲಿ ಅಲಿ ಕುಂಞಿಯವರ ಅಂಗಡಿಯಿಂದ ಒಂದು ಅಡಾಪ್ಟರು ತಂದಿದ್ದಳು. ಯಾವ ದೇಶದ ಪ್ಲಗ್ಗನ್ನು ಯಾವ ದೇಶದ ಸಾಕೆಟ್ಟಿಗೂ ಹಾಕಬಹುದು ಎಂದು ಅವರು ಎರಡೂ ಬದಿಯಿಂದ ತಿರುಗಿಸಿ ತೋರಿಸಿದ್ದರು. ಅದು ನಿಜವೇ. ಆಕಾರ ಬದಲಾಗುತ್ತದೆ, ವೋಲ್ಟೇಜು ಬದಲಾಗುವುದಿಲ್ಲ ಎಂದೂ ಅವರೇ ಹೇಳಿದ್ದರು. ಈ ಎರಡನೇ ಮಾತನ್ನು ಪ್ರಣೀತಾ ಮನೆಗೆ ಬಂದು ಯಾರಿಗೂ ಹೇಳಿರಲಿಲ್ಲ. ಅಡಾಪ್ಟರನ್ನು ಮೇಜಿನ ಮೇಲಿಟ್ಟಿದ್ದಳು.

ಇನ್ನು ಕುಶಾಲಪ್ಪ ಗೌಡರ ಕ್ರಮ. ಶೆಡ್ಡಿನಿಂದ ಹೊಸ ಅಚ್ಚು ಹೊರಹೋಗುವ ಮೊದಲು ಅದರಲ್ಲಿ ಒಂದು ತಟ್ಟೆ ಒತ್ತಬೇಕು. ಆ ಮೊದಲ ತಟ್ಟೆ ಮೀಸಲು. ಅದನ್ನು ಮಾರುವುದಿಲ್ಲ, ಯಾರಿಗೂ ಕೊಡುವುದಿಲ್ಲ. ತೋಟದ ಮೂಲೆಯ ದೈವದ ಕಟ್ಟೆಯಲ್ಲಿ ಅದರಲ್ಲಿ ಅವಲಕ್ಕಿ ಬೆಲ್ಲ ಇಟ್ಟು ಕೈ ಮುಗಿದರೆ ಆಯಿತು. ಕ್ರಮ ಸುರು ಮಾಡಿದ್ದು ಅವರೇ, ಆರು ವರ್ಷದ ಹಿಂದೆ. ಈ ಅಚ್ಚಿಗೆ ಮಾತ್ರ ಅದು ಆಗುವುದಿಲ್ಲ, ಇದು ನೂರಹತ್ತರದ್ದು ಎಂದು ಪ್ರಣೀತಾ ಬುಧವಾರ ಬೆಳಿಗ್ಗೆ ಹೇಳಿದ್ದಳು. ಗೌಡರು ಆಯಿತು ಅಂದಿದ್ದರು. ಆಮೇಲೆ ಅವರು ಯೋಚಿಸಿದ್ದರು.

"ನಾನು ಲೆಕ್ಕ ಹಾಕಿಯೇ ಹಾಕಿದ್ದು," ಅಂದರು ಈಗ, ಸ್ವಿಚ್ಚಿನಿಂದ ಕೈ ತೆಗೆದು. "ನಿನ್ನೆ ಸಂಜೆ ಮೀಟರಿನ ಮುಳ್ಳು ನೂರಹದಿನೈದರಲ್ಲಿ ಇತ್ತು. ಮೊನ್ನೆಯೂ ಅಷ್ಟೇ. ಬೆಳಿಗ್ಗೆ ತ್ರೀ ಫೇಸ್ ಬಂದ ಮೇಲೆ ಇನ್ನೂ ಕೆಳಗೆ ಹೋಗ್ತದೆ. ನೂರಹತ್ತರದ್ದಕ್ಕೆ ನೂರಹತ್ತೇ ಕೊಟ್ಟದ್ದಲ್ಲವಾ ನಾನು?"

ಅದು ಸುಳ್ಳಾಗಿರಲಿಲ್ಲ. ಆ ಊರಿನ ಲೈನು ಬರುವುದು ದೂರದಿಂದ, ಅವರ ಮನೆ ಅದರ ಕೊನೆಯಲ್ಲಿ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ತ್ರೀ ಫೇಸ್ ಬಂದ ಕೂಡಲೇ ಎಲ್ಲ ತೋಟಗಳ ಪಂಪುಗಳು ಒಟ್ಟಿಗೆ ಸುರುವಾಗುತ್ತವೆ. ಬಲ್ಬಿನಲ್ಲಿ ಕೆಂಪು ತಂತಿ ಮಾತ್ರ ಕಾಣುತ್ತದೆ, ಮಿಕ್ಸಿ ಗುಂಯ್ ಎನ್ನುತ್ತದೆ ಹೊರತು ತಿರುಗುವುದಿಲ್ಲ. ತಟ್ಟೆಯ ಮೆಷಿನುಗಳನ್ನು ಓಡಿಸಲು ಶೆಡ್ಡಿನ ಗೋಡೆಯ ಮೇಲೆ ಒಂದು ಬೂಸ್ಟರು ಉಂಟು. ಕಬ್ಬಿಣದ ಪೆಟ್ಟಿಗೆ, ಒಳಗೆ ತಾಮ್ರದ ಸುರುಳಿ, ಎದುರಿಗೆ ಒಂದು ಮುಳ್ಳಿನ ಮೀಟರು ಮತ್ತು ಏಳು ಮೆಟ್ಟಿಲಿನ ಒಂದು ತಿರುಗಣೆ. ಒಳಗೆ ನೂರಹತ್ತು ಬಂದರೆ ತಿರುಗಣೆಯನ್ನು ಏಳಕ್ಕೆ ತಿರುಗಿಸಬೇಕು, ಹೊರಗೆ ಇನ್ನೂರಹತ್ತು, ಇನ್ನೂರಿಪ್ಪತ್ತು ಸಿಗುತ್ತದೆ. ಆ ಮುಳ್ಳನ್ನು ಗೌಡರಷ್ಟು ನೋಡಿದವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೊಸ ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಹಿಡಿದು ಓಡಾಡಿದ್ದೂ ಅವರೇ. ಅದಕ್ಕೇ ಈ ಅಚ್ಚನ್ನು ಬೂಸ್ಟರು ಬಿಟ್ಟು ನೇರ ಲೈನಿಗೆ ಹಾಕಿದ್ದರು. ತೈವಾನಿನ ಕರೆಂಟು ತಮ್ಮ ಮನೆಯಲ್ಲಿ ಏಪ್ರಿಲಿನಲ್ಲಿ ದಿನಾ ಬರುತ್ತದೆ ಎಂಬುದು ಅವರ ಲೆಕ್ಕ.

ಪ್ರಣೀತಾ ಬೂಸ್ಟರಿನ ಮುಳ್ಳನ್ನು ನೋಡಿದಳು. ಇನ್ನೂರಮೂವತ್ತೆಂಟು.

"ರಾತ್ರಿ ಮಳೆ ಬಂತಲ್ಲ ಮಾವ," ಅಂದಳು.

"ಬಂತು. ಒಳ್ಳೆ ಮಳೆ."

"ಇವತ್ತು ಪಂಪು ಹಾಕಿದ್ದೀರಾ?"

ಗೌಡರು ತೋಟದ ಕಡೆ ನೋಡಿದರು. ಪಂಪಿನ ಕೊಟ್ಟಿಗೆಯ ಬಾಗಿಲು ಮುಚ್ಚಿತ್ತು. ಆಚೆ ಮನೆಯ ಪಂಪಿನ ಸದ್ದು ಇರಲಿಲ್ಲ, ಹೊಳೆಯ ಆಚೆಯದ್ದೂ ಇರಲಿಲ್ಲ. ಆ ವರ್ಷದ ಮೊದಲ ಮಳೆಗೆ ಊರಿನಲ್ಲಿ ಒಬ್ಬನೂ ಪಂಪು ಹಾಕಿರಲಿಲ್ಲ. ನೆಲ ನೆನೆದಿದೆ ಎಂಬ ಸಂತೋಷದಲ್ಲಿ ಅವರೂ ಹಾಕಿರಲಿಲ್ಲ. ಅವರು ಮೀಟರಿನ ಮುಂದೆ ಹೋಗಿ ನಿಂತರು. ಅಷ್ಟು ಹತ್ತಿರದಿಂದ ಓದುವ ಅಗತ್ಯವಿಲ್ಲದಷ್ಟು ದೊಡ್ಡ ಅಂಕೆಗಳವು.

ಅತ್ತೆ ದುಗ್ಗಮ್ಮ ಹೊಗೆ ನೋಡಿ ಬಂದು ಬಾಗಿಲಲ್ಲಿ ನಿಂತಿದ್ದರು. ಗಂಡನನ್ನು ನೋಡಿ, ಆ ಹೆಣ್ಣಿಗೆ ದೇಶ ಬಿಟ್ಟು ಹೋಗಲಿಕ್ಕೆ ಟಿಕೇಟು ಉಂಟು, ನಿಮಗೆ ಮೆಷಿನು ಓಡಿಸಲಿಕ್ಕೆ ಇವತ್ತೇ ಆಗಬೇಕಿತ್ತಾ ಎಂದು ಕೇಳಿದರು. ದುಗ್ಗಮ್ಮ ತೆಂಗಿನ ಹೋಳುಗಳನ್ನು ಹೆಕ್ಕಿಕೊಂಡು, ಇದಾದರೂ ಚಟ್ನಿಗೆ ಆದೀತು ಎಂದು ಒಳಗೆ ಹೋದರು.

ಪ್ರಣೀತಾ ಬಟ್ಟೆ ಹಿಡಿದು ಅಡಾಪ್ಟರನ್ನು ಕಿತ್ತಳು. ಅದರ ಬೆನ್ನಿನಲ್ಲಿ ಸಣ್ಣ ಅಕ್ಷರದಲ್ಲಿ ಆರು ಆಂಪಿಯರ್ ಎಂದಿತ್ತು. ಅದರ ಮೂಲಕ ಹರಿದದ್ದು ಇಪ್ಪತ್ತರ ಹತ್ತಿರ. ಥರ್ಮೋಸ್ಟಾಟಿಗೆ ಏನೂ ಆಗಿರಲಿಲ್ಲ. ಅಚ್ಚು ಅಲ್ಯುಮಿನಿಯಂ, ಅದಕ್ಕೂ ಏನಿಲ್ಲ. ಬೋಲ್ಟು ಬಿಚ್ಚಿ ನೋಡಿದಾಗ ಮೇಲಿನ, ಕೆಳಗಿನ ಎರಡೂ ಹೀಟರುಗಳ ಒಳಗಿನ ತಂತಿ ತುಂಡಾಗಿ, ಸುತ್ತಿದ ಮೈಕಾ ಹಾಳೆ ಕಪ್ಪಾಗಿತ್ತು.

ಅವಳು ಹಂಝನಿಗೆ ಫೋನು ಮಾಡಿದಳು. ಹಂಝ ಕುಂಬ್ರದಲ್ಲಿ ಅಂಗಡಿಯ ಶಟರು ಎತ್ತುತ್ತಿದ್ದ. ನಡೆದದ್ದನ್ನು ಪೂರ್ತಿ ಕೇಳಿ, ನಾನು ಕೊಟ್ಟದ್ದು ತೈವಾನಿಗೆ, ನೀವು ಓಡಿಸಿದ್ದು ಜಾಲ್ಸೂರಿನಲ್ಲಿ, ಗ್ಯಾರಂಟಿ ಸಿಗ್ಲಿಕ್ಕಿಲ್ಲ ಮಾರಾಯ್ರೆ ಅಂದ. ಆಮೇಲೆ ಕೆಲಸದ ಮಾತಿಗೆ ಬಂದ. ಆ ದಪ್ಪದ ತಂತಿ ಮುಗಿದಿದೆ. ಮಂಗಳೂರಿನಿಂದ ತರಿಸಿ ಸುತ್ತಿದರೆ ನಾಳೆ ಸಂಜೆ.

"ನಾಳೆ ಆಗುದಿಲ್ಲ ಹಂಝಾಕ. ಇವತ್ತು ಮಧ್ಯಾಹ್ನ ಬಸ್ಸು. ಇಲ್ಲಿಯ ಹಳೆ ಹೀಟರನ್ನೇ ಹಾಕಿ ಕೊಂಡೋದರೆ?"

"ಇನ್ನೂರಮೂವತ್ತರದ್ದನ್ನಾ? ಅಲ್ಲಿ ಅದರಲ್ಲಿ ಚಾ ಬಿಸಿ ಮಾಡಬಹುದು. ತಟ್ಟೆ ಬರ್ಲಿಕ್ಕಿಲ್ಲ."

ಅಲ್ಲಿಯೂ ದೊಡ್ಡ ಏಸಿಗಳಿಗೆ ಇನ್ನೂರಿಪ್ಪತ್ತರ ಲೈನು ಇರುತ್ತದೆಂದು ಪ್ರಣೀತಾ ಓದಿದ್ದಳು. ಲಿನ್‌ಗೆ ಸಂದೇಶ ಕಳಿಸಿ ಕೇಳಿದಳು. ತೋಟಗಾರರು ಸೇರುವ ಜಾಗ ಹಳೆಯ ಉಗ್ರಾಣ, ಅಲ್ಲಿ ನೂರಹತ್ತು ಮಾತ್ರ ಎಂದು ಉತ್ತರ ಬಂತು. ಅದರ ಕೆಳಗೆ ಇನ್ನೊಂದು ಸಾಲು: ಮೂವತ್ತು ಜನ ಬರುತ್ತಾರೆ, ಏನಾದರೂ ತೊಂದರೆಯೇ? ಪ್ರಣೀತಾ ಫೋನನ್ನು ಕವುಚಿ ಇಟ್ಟು ಮೆಷಿನಿನ ಪಕ್ಕದ ಸ್ಟೂಲಿನಲ್ಲಿ ಕೂತಳು. ಅಲ್ಲಿಗೆ ಹೋಗಿ ಕಾಲು ಬಿಸಿಯಲ್ಲಿ ತಟ್ಟೆ ಒತ್ತುವುದು, ಮೂವತ್ತು ಜನರ ಎದುರು ಅದು ಮೆಲ್ಲಗೆ ಅರಳಿ ಮತ್ತೆ ಹಾಳೆಯಾಗುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಅದಕ್ಕಿಂತ ಹೋಗದಿರುವುದೇ ಮೇಲು ಎಂದೂ ಅನಿಸಿತು.

ಅಷ್ಟರಲ್ಲಿ ಸುಂದರಿ ಕೆಲಸಕ್ಕೆ ಬಂದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಕರಗಿದ ಅಡಾಪ್ಟರು. ಎಂತ ಗೌಡ್ರೆ, ವಿಮಾನ ಇಲ್ಲೇ ಇಳಿಯಿತಾ ಎಂದು ಕೇಳಿದಳು. ಯಾರೂ ನಗದ್ದರಿಂದ ಹಾಳೆ ತೊಳೆಯಲು ಕೂತಳು.

ಗೌಡರು ಅಷ್ಟು ಹೊತ್ತೂ ಮೀಟರಿನ ಮುಂದಿನಿಂದ ಕದಲಿರಲಿಲ್ಲ. ಸೊಸೆ ಫೋನಿನಲ್ಲಿ ಮಾತಾಡಿದ್ದೆಲ್ಲ ಅವರಿಗೆ ಕೇಳಿಸಿತ್ತು.

"ಅಲ್ಲಿ ನೂರಹತ್ತು ಯಾವಾಗ ಬರುದು?" ಎಂದು ಕೇಳಿದರು.

"ಯಾವಾಗಲೂ ಅಷ್ಟೇ ಮಾವ. ಆ ದೇಶದಲ್ಲಿ ಇರುವುದೇ ಅಷ್ಟು."

"ಮಳೆ ಬಂದರೂ?"

"ಮಳೆ ಬಂದರೂ."

"ಹಾಗಾದರೆ ಅಲ್ಲಿ ವರ್ಷವಿಡೀ ಏಪ್ರಿಲ್," ಅಂದರು ಗೌಡರು. "ಏಪ್ರಿಲಿನಲ್ಲಿ ನಾವು ಎಂತ ಮಾಡುದು?"

ಪ್ರಣೀತಾ ತಲೆಯೆತ್ತಿ ಬೂಸ್ಟರನ್ನು ನೋಡಿದಳು. ಗೋಡೆಯ ಮೇಲೆ ಆರು ವರ್ಷದಿಂದ ಇದ್ದ ಪೆಟ್ಟಿಗೆ. ದಿನಾ ಅದರ ಕೆಳಗೆ ನಿಂತು ಕೆಲಸ ಮಾಡಿದವಳಿಗೆ ಅದನ್ನು ಗೋಡೆಯಿಂದ ಬೇರೆಯಾಗಿ ನೋಡಿ ಅಭ್ಯಾಸವಿರಲಿಲ್ಲ. ಅವಳು ಎದ್ದು ಅದರ ಬದಿಯ ತಗಡಿನ ಪಟ್ಟಿ ಓದಿದಳು. ಮೂರು ಕೆವಿಎ. ಅಚ್ಚಿಗೆ ಬೇಕಾದದ್ದು ಒಂದು ಕಿಲೋವ್ಯಾಟು. ಅಲ್ಲಿಯ ಕರೆಂಟು ಸೆಕೆಂಡಿಗೆ ಅರವತ್ತು ಸೈಕಲು, ನಮ್ಮದು ಐವತ್ತು. ಹೀಟರಿಗೆ ಅದರಿಂದ ಏನೂ ಆಗದು, ಐವತ್ತಕ್ಕೆ ಸುತ್ತಿದ ಸುರುಳಿಗೆ ಅರವತ್ತು ಹಗುರವೇ. ಸಂಶಯ ಬೇಡವೆಂದು ಹಂಝನಿಗೆ ಮತ್ತೆ ಫೋನು ಮಾಡಿದಳು. ಹಂಝ ಪೆಟ್ಟಿಗೆಯ ಕೆವಿಎ ಕೇಳಿಕೊಂಡ. ಆಮೇಲೆ, ಆಗ್ತದೆ, ಆದರೆ ಇಷ್ಟು ಭಾರ ಹೊತ್ತುಕೊಂಡು ವಿಮಾನ ಹತ್ತುವವರನ್ನು ನಾನು ನೋಡಿಲ್ಲ ಅಂದ.

ಬೂಸ್ಟರು ಇಳಿಸಿದರೆ ಶೆಡ್ಡು ನಿಲ್ಲುತ್ತದೆ. ಒಂದು ಮಳೆಯ ತಂಪು ಎರಡು ದಿನ. ಆಮೇಲೆ ಪಂಪುಗಳು ಸುರುವಾದರೆ ಮೆಷಿನುಗಳು ಓಡುವುದಿಲ್ಲ. ಮೇ ತಿಂಗಳ ಎರಡು ಮದುವೆಗಳಿಗೆ ತಟ್ಟೆ ಒಪ್ಪಿಕೊಂಡಾಗಿತ್ತು. ಪ್ರಣೀತಾ ಅದನ್ನು ಮಾವನಿಗೆ ಹೇಳಿದಳು. ಗೌಡರು ಆಗಲೇ ಸ್ಟೂಲಿನ ಮೇಲೆ ನಿಂತು ಬೂಸ್ಟರಿನ ಮೊದಲ ಬೋಲ್ಟಿಗೆ ಸ್ಪಾನರು ಹಾಕಿದ್ದರು.

"ಎರಡು ದಿನದಲ್ಲಿ ಎಷ್ಟು ಆಗ್ತದೋ ಅಷ್ಟು ಒತ್ತುವ," ಅಂದರು. "ಇವತ್ತು ಇನ್ನೂರಮೂವತ್ತೆಂಟು ಉಂಟಲ್ಲ."

ಮುಂದಿನ ಕೆಲಸಕ್ಕೆ ಮಾತು ಬೇಕಾಗಲಿಲ್ಲ. ಶೆಡ್ಡಿನ ಎರಡು ಮೆಷಿನುಗಳಲ್ಲಿ ಒಂದರ ಹೀಟರುಗಳನ್ನು ಬಿಚ್ಚಿ ಹೊಸ ಅಚ್ಚಿಗೆ ಜೋಡಿಸಿದರು. ಅಳತೆ ಒಂದೇ ಆದ್ದರಿಂದ ಬೋಲ್ಟುಗಳು ಸರಿಯಾಗಿ ಕೂತವು. ಸುಟ್ಟ ಹೀಟರಿನ ವಯರಿನಿಂದ ತೈವಾನಿನ ಪ್ಲಗ್ಗನ್ನು ಗೌಡರೇ ಬಿಚ್ಚಿದರು. ಕನ್ನಡಕ ಹಾಕಿಕೊಂಡು, ಕೆಂಪು, ಕಪ್ಪು, ಹಸಿರು ಯಾವುದು ಎಲ್ಲಿಗೆಂದು ಸೊಸೆಯನ್ನು ಕೇಳಿ ಕೇಳಿ ಅದನ್ನು ಬೂಸ್ಟರಿಗೆ ಕರೆಂಟು ಬರುವ ವಯರಿಗೆ ಹಾಕಿದರು. ಎರಡು ಸಲ ಎಳೆದು ನೋಡಿದರು. ಬೂಸ್ಟರಿನ ಹೊರಬದಿಯಲ್ಲಿ ಮಾತ್ರ ನಮ್ಮ ಮೂರು ಗುಂಡು ಪಿನ್ನಿನ ಸಾಕೆಟ್ಟೇ ಉಳಿಯಿತು, ಅಚ್ಚಿನ ವಯರಿಗೆ ನಮ್ಮ ಪ್ಲಗ್ಗು.

ಅಚ್ಚನ್ನು ಇಲ್ಲಿಯ ಲೈನಿಗೆ ಕೊಟ್ಟು ಬಿಸಿ ಬರುವುದನ್ನು ನೋಡಿದರು. ಪ್ರಣೀತಾ ಒಂದು ಹಾಳೆ ಎತ್ತಿಕೊಂಡು, ಮೀಸಲು ಒತ್ತಿಬಿಡಿ ಮಾವ ಅಂದಳು.

ಗೌಡರು ಬೇಡವೆಂದರು. "ಇದು ಅಲ್ಲಿ ಓಡುವ ಅಚ್ಚು. ಮೊದಲನೆಯದ್ದು ಅಲ್ಲಿಂದಲೇ ಬರಲಿ."

ತೂಕ ನೋಡಿದ್ದು ಅಡಿಕೆ ತೂಗುವ ತಕ್ಕಡಿಯಲ್ಲಿ. ಬೂಸ್ಟರು ಹದಿನಾಲ್ಕು ಕಿಲೋ, ಅಚ್ಚು ಹದಿನಾರು. ಎರಡು ಪೆಟ್ಟಿಗೆಗೂ ಮಿತಿ ಇತ್ತು. ಹಲಸಿನ ಹಪ್ಪಳದ ಕಟ್ಟು, ಉಪ್ಪಿನಕಾಯಿಯ ಡಬ್ಬ, ಚಕ್ಕುಲಿ, ಒಂದೊಂದಾಗಿ ಹೊರಗೆ ಬಂದವು. ದುಗ್ಗಮ್ಮ ಪ್ರತಿಯೊಂದನ್ನೂ ಕೈಗೆ ತೆಗೆದುಕೊಳ್ಳುವಾಗ ಏನಾದರೂ ಅಂದರು. ಕೊನೆಗೆ, ಆ ಲಿನ್ ಅಮ್ಮನಿಗೆ ತಿನ್ನಲಿಕ್ಕೆ ಕಬ್ಬಿಣ ಕೊಂಡೋಗ್ತೀಯಾ ಎಂದು ಕೇಳಿದರು. ಹಪ್ಪಳದ ಕಟ್ಟನ್ನು ಮಾತ್ರ ಅವರು ಸೊಸೆಯ ಹೆಗಲ ಚೀಲಕ್ಕೆ ಮತ್ತೆ ತುರುಕಿದರು. ಕುಶಾಲಪ್ಪ ಗೌಡರ ಮಗ, ಪ್ರಣೀತಾಳ ಗಂಡ ಕೀರ್ತನ್ ಸುಳ್ಯದಲ್ಲಿ ಔಷಧದ ಅಂಗಡಿ ಇಟ್ಟವನು. ಅವನು ಜೀಪು ತಂದು ಪೆಟ್ಟಿಗೆ ಎತ್ತುವಾಗ, ಇದರಲ್ಲಿ ಅಪ್ಪನನ್ನು ಹಾಕಿದ್ದೀಯಾ ಎಂದು ಕೇಳಿದ. ಅವನಿಗೆ ಬೆಳಗಿನ ವಿಷಯ ಆಗ ಗೊತ್ತಾಯಿತು.

ಬಸ್ಸು ಹೊರಡುವ ಹೊತ್ತಿಗೆ ಪ್ರಣೀತಾ ಲಿನ್‌ಗೆ ಉತ್ತರ ಬರೆದಳು. ತೊಂದರೆ ಇತ್ತು, ಈಗ ಇಲ್ಲ, ಬರುತ್ತಿದ್ದೇನೆ.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದರು. ತಪಾಸಣೆಯವನು ತಿರುಗಣೆಯನ್ನು ಒಂದೆರಡು ಮೆಟ್ಟಿಲು ತಿರುಗಿಸಿ, ಇದೇನು ಎಂದು ಕೇಳಿದ. ಬೂಸ್ಟರು ಅಂದಳು. ಅವನು ಚಿಂತಾಮಣಿ ಕಡೆಯವನಂತೆ. ನಮ್ಮ ಮನೆಯಲ್ಲೂ ಒಂದು ಇತ್ತು, ಅದನ್ನು ಯಾಕೆ ಫಾರಿನ್ನಿಗೆ ಒಯ್ಯುತ್ತೀರಿ, ಅಲ್ಲಿಯೂ ಲೋ ವೋಲ್ಟೇಜಾ ಎಂದ. ಹೌದು ಎಂದಳು ಪ್ರಣೀತಾ. ಅದು ಸುಳ್ಳಲ್ಲ ಎಂದು ಆಮೇಲೆ ಅವಳಿಗೆ ಅನಿಸಿತು. ಅವನು ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಮುಂದೆ ತಳ್ಳಿದ.

ಪಿಂಗ್ಟುಂಗ್‌ನ ಹೊಟೇಲಿನಲ್ಲಿ ಇನ್ನೊಂದು ವಿಷಯ ಎದುರಾಯಿತು. ಫೋನಿನ ಚಾರ್ಜರಿಗೆ ಗುಂಡು ಪಿನ್ನು, ಗೋಡೆಯಲ್ಲಿ ಚಪ್ಪಟೆ ತೂತು. ಅಡಾಪ್ಟರು ಜಾಲ್ಸೂರಿನಲ್ಲಿ ಕರಗಿಹೋಗಿದೆ. ಬ್ಯಾಟರಿ ಕೆಂಪಿಗೆ ಬಂದಿತ್ತು. ಅವಳು ಸ್ವಲ್ಪ ಹೊತ್ತು ಹಾಸಿಗೆಯ ಅಂಚಿನಲ್ಲಿ ಕೂತಳು. ಮತ್ತೆ ಪೆಟ್ಟಿಗೆ ತೆರೆದು ಬೂಸ್ಟರನ್ನು ಎತ್ತಿ ಮೇಜಿನ ಮೇಲಿಟ್ಟು, ಚಪ್ಪಟೆ ಪ್ಲಗ್ಗನ್ನು ಗೋಡೆಗೆ ಹಾಕಿದಳು. ಮುಳ್ಳು ನೂರಹನ್ನೆರಡಕ್ಕೆ ಹೋಗಿ ನಿಂತಿತು. ಏಪ್ರಿಲ್ ಸಂಜೆಯ ಹಾಗೆಯೇ. ತಿರುಗಣೆಯನ್ನು ಏಳಕ್ಕೆ ತಿರುಗಿಸಿ, ಹೊರಬದಿಯ ಊರಿನ ಸಾಕೆಟ್ಟಿಗೆ ಊರಿನ ಚಾರ್ಜರು ಹಾಕಿದಳು. ಹದಿನಾಲ್ಕು ಕಿಲೋದ ಬೂಸ್ಟರು ಗುಂಯ್ ಎಂದು ಒಂದು ಫೋನನ್ನು ಚಾರ್ಜು ಮಾಡತೊಡಗಿತು.

ಮನೆಗೆ ಫೋನು ಮಾಡಿದಾಗ ಎತ್ತಿದ್ದು ಗೌಡರು. ಪ್ರಯಾಣ, ಊಟ ಏನನ್ನೂ ಅವರು ಕೇಳಲಿಲ್ಲ. ಫೋನಿನಲ್ಲಿ ಬರುತ್ತಿದ್ದ ಗುಂಯ್ ಸದ್ದಿಗೆ ಕಿವಿಗೊಟ್ಟು, "ಓಡ್ತಾ ಉಂಟಲ್ಲ," ಅಂದರು. "ಏಳಕ್ಕೆ ಇಟ್ಟಿದ್ದೀಯಾ?"

"ಏಳಕ್ಕೇ ಮಾವ. ಒಳಗೆ ನೂರಹನ್ನೆರಡು."

"ಇಲ್ಲಿ ಇವತ್ತು ನೂರಮೂವತ್ತಂತೆ. ಆಚೆ ಮನೆಯವರು ಹೇಳಿದರು. ಪಂಪು ಸುರುವಾಯಿತು." ನೋಡಲು ಅವರ ಹತ್ತಿರ ಮೀಟರು ಇರಲಿಲ್ಲ. ಎರಡು ದಿನದಲ್ಲಿ ತಾವೂ ಸುಂದರಿಯೂ ಉಳಿದ ಒಂದು ಮೆಷಿನಿನಲ್ಲಿ ಒಂದು ಮದುವೆಗಾಗುವಷ್ಟು ತಟ್ಟೆ ಒತ್ತಿದ್ದಾಗಿ ಹೇಳಿದರು. ಇನ್ನೊಂದು ಮದುವೆಯ ಮನೆಯವರಿಗೆ ತಾವೇ ಹೋಗಿ ಬಾಳೆಲೆಗೆ ಹೇಳಿಕೊಳ್ಳಿ ಎಂದು ತಿಳಿಸಿ ಬಂದಿದ್ದರು.

ಸೋಮವಾರ ಬೆಳಿಗ್ಗೆ ಉಗ್ರಾಣದಲ್ಲಿ ಇಪ್ಪತ್ತಕ್ಕೆ ಮೇಲ್ಪಟ್ಟು ಜನ ಸೇರಿದ್ದರು. ಹೆಚ್ಚಿನವರು ಗಂಡಸರು, ಕೆಲವರ ಬಾಯಿಯಲ್ಲಿ ಅಡಿಕೆ. ಲಿನ್ ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಬೂಸ್ಟರನ್ನು ನೋಡಿದ ಕೂಡಲೇ ಅವರ ಹುಬ್ಬು ಮೇಲೇರಿತು. ನೂರಹತ್ತರ ಅಚ್ಚು ಎಂದು ಒಪ್ಪಂದವಾಗಿತ್ತಲ್ಲ, ಈ ಪೆಟ್ಟಿಗೆ ಯಾಕೆ ಎಂದು ಫೋನಿನಲ್ಲಿ ಬರೆದು ಭಾಷಾಂತರಿಸಿ ತೋರಿಸಿದರು.

ಪ್ರಣೀತಾ ಉತ್ತರ ಟೈಪು ಮಾಡಲು ಹೊರಟು ನಿಲ್ಲಿಸಿದಳು. ಪಂಪು, ಲೈನು, ತ್ರೀ ಫೇಸು, ಮೀಸಲು, ಮಾವ. ಕೊನೆಗೆ ಒಂದೇ ಸಾಲು ಬರೆದಳು: ನಮ್ಮ ಊರಿನಲ್ಲಿ ಮಳೆ ಬಂತು.

ಲಿನ್ ಅದನ್ನು ಓದಿದರು. ಮತ್ತೊಮ್ಮೆ ಓದಿ ತಲೆಯಾಡಿಸಿದರು. ಏನೆಂದು ಅರ್ಥ ಮಾಡಿಕೊಂಡರೋ ಪ್ರಣೀತಾಳಿಗೆ ತಿಳಿಯಲಿಲ್ಲ. ಹೊಸ ಹೀಟರು ಮುಂದೆ ಕಳಿಸಿಕೊಡುವುದಾಗಿ ಅವಳು ಕೆಳಗೆ ಸೇರಿಸಿದಳು.

ಅಚ್ಚು ಜಾಲ್ಸೂರಿನಲ್ಲಿ ಬಿಸಿಯಾಗುವಷ್ಟೇ ಹೊತ್ತಿನಲ್ಲಿ ಬಿಸಿಯಾಯಿತು. ನೀರು ಚಿಮುಕಿಸಿದಾಗ ಹನಿ ಚಟ್ಟೆಂದು ಹಾರಿತು. ಅಲ್ಲಿಯ ಹಾಳೆಯನ್ನು ಅವಳು ಬೆರಳಿನಿಂದ ಒತ್ತಿ ನೋಡಿದಳು. ಕೇಳಿದ್ದಕ್ಕಿಂತ ತೆಳು. ಇಟ್ಟು ಹಿಡಿ ಒತ್ತಿದಳು. ಅಂಚಿನಿಂದ ಉಗಿ ಬಂತು. ಎತ್ತಿದಾಗ ತಟ್ಟೆ ತಾನಾಗಿ ಬಿಡಿಸಿಕೊಂಡು ಬಂತು. ಅವಳು ಅದನ್ನು ಮೇಜಿನ ಮೇಲೆ ಕವುಚಿ ಹಾಕಿ ಕಾದಳು. ಸುತ್ತಲಿದ್ದವರೂ ಕಾದರು. ತಟ್ಟೆ ಸೆಟೆಯಲಿಲ್ಲ.

ಎರಡನೆಯದರ ಅಂಚು ಸೀಳಿತು. ಮೂರನೆಯದು ಸರಿ ಬಂತು. ಹೀಗೆ ಐದಕ್ಕೆ ಒಂದರಂತೆ ಹಾಳಾದವು. ಹಾಳೆ ತೆಳುವಾದ್ದರಿಂದ ಆಳವನ್ನು ತುಸು ಕಡಿಮೆ ಮಾಡಬೇಕೆಂದು ಅವಳು ತೋರಿಸಿ ಹೇಳಿದಳು. ಒಬ್ಬ ಮುದುಕ ತಟ್ಟೆಯೊಂದನ್ನು ಎತ್ತಿ ಮೊಣಕಾಲಿನ ಮೇಲಿಟ್ಟು ಬಗ್ಗಿಸಿ ನೋಡಿದ, ಅದಕ್ಕೆ ನೀರು ಸುರಿದು ಕೆಳಗಿನಿಂದ ನೋಡಿದ, ಆಮೇಲೆ ಆ ನೀರನ್ನೇ ಕುಡಿದ. ಜನ ನಕ್ಕರು.

ಕೊನೆಯಲ್ಲಿ ಲಿನ್ ಮೊದಲ ತಟ್ಟೆಯನ್ನು ಕೇಳಿದರು. ಅವರ ಸಂಘದ ಕಚೇರಿಯಲ್ಲಿ ಇಡಬೇಕಂತೆ. ಪ್ರಣೀತಾ ಆಗುವುದಿಲ್ಲ ಅಂದಳು. ಮೂರನೆಯದನ್ನು ಕೊಟ್ಟಳು, ಜೊತೆಗೆ ಹಲಸಿನ ಹಪ್ಪಳದ ಕಟ್ಟನ್ನು. ಮೊದಲನೆಯದನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ, ಬೂಸ್ಟರು ಇದ್ದ ಜಾಗದಲ್ಲಿ ಇಟ್ಟಳು. ಬೂಸ್ಟರು ಹಿಂದೆ ಬರಲಿಲ್ಲ. ಆಳ ತಿದ್ದಿದ, ನೂರಹತ್ತರದೇ ಎರಡು ಜೊತೆ ಅಚ್ಚು ಬೇಕೆಂದು ಲಿನ್ ಬರೆದುಕೊಟ್ಟಿದ್ದರು, ಅವು ಬರುವವರೆಗೆ ಇದರಲ್ಲೇ ತೋಟಗಾರರಿಗೆ ಕೆಲಸ ಕಲಿಸುವುದೆಂದಿದ್ದರು. ಬೂಸ್ಟರು ಇಲ್ಲದೆ ಅಚ್ಚು ಅಲ್ಲಿ ಉಪಯೋಗಕ್ಕೆ ಬಾರದು.

ಆ ಶುಕ್ರವಾರ ಕುಶಾಲಪ್ಪ ಗೌಡರು ಪಿಂಗ್ಟುಂಗ್‌ನ ತಟ್ಟೆಯಲ್ಲಿ ಅವಲಕ್ಕಿ ಬೆಲ್ಲ ಇಟ್ಟು ಕಟ್ಟೆಗೆ ಹೋದರು. ಬರುವಾಗ ಬರಿಗೈಯಲ್ಲಿ ಶೆಡ್ಡಿಗೆ ಬಂದು, ಗೋಡೆಯ ಮೇಲೆ ಬೂಸ್ಟರು ಇದ್ದ ಚೌಕಾಕಾರದ ಬಿಳಿ ಗುರುತಿನ ಕೆಳಗೆ ಸ್ವಲ್ಪ ಹೊತ್ತು ನಿಂತರು. ಇನ್ನು ಮುಂದೆ ಹೊರದೇಶದ ಅಚ್ಚಿನ ಮೀಸಲು ತಟ್ಟೆಯನ್ನು ಊರಿನ ಹೀಟರಿನಲ್ಲಿ ಒತ್ತಿ, ಆಮೇಲೆ ಹಂಝನ ಹೀಟರು ಜೋಡಿಸುವುದು ಎಂದು ಸೊಸೆಗೆ ಹೇಳಿದರು. ಅವಳು ಒಪ್ಪಿದಳು.

ಹಂಝ ನಾಲ್ಕು ಹೀಟರು ಸುತ್ತಿಕೊಟ್ಟ. ಮೇ ತಿಂಗಳಿಡೀ ಪಂಪುಗಳು ಓಡಿದವು, ಶೆಡ್ಡಿನಲ್ಲಿ ಮೆಷಿನು ಓಡಲಿಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯಿತು, ಪಂಪುಗಳು ನಿಂತವು, ಸುಂದರಿ ಕೆಲಸಕ್ಕೆ ಬಂದಳು.